ಧ್ವನಿ ಉಳಿದರೆ ಸಾಲದು, ಚೀಟಿಯೂ ಉಳಿಯಬೇಕು

ಅಳಿವಿನ ಅಂಚಿನಲ್ಲಿರುವ ಭಾಷೆಗಳ ಮಾತು ಬಂದಾಗಲೆಲ್ಲ, "ಇರುವವರ ಮಾತನ್ನೆಲ್ಲ ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಹಾಕಿಬಿಟ್ಟರೆ ಆಯಿತಲ್ಲ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಈ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ನಿಮಿಷದ ಧ್ವನಿಮುದ್ರಣವೂ ಇಲ್ಲದೆ ಕಣ್ಮರೆಯಾದ ಭಾಷೆಗಳಿಗೆ ಲೆಕ್ಕವಿಲ್ಲ. ಆದರೆ ಜಗತ್ತಿನ ಬೇರೆಬೇರೆ ಕಡೆಯ ಮೂಲನಿವಾಸಿ ಭಾಷೆಗಳ ಡಿಜಿಟಲ್ ಸಂಗ್ರಹಗಳಲ್ಲಿ ಹುಡುಕಾಡುವುದು ನನ್ನ ಬಹುಕಾಲದ ಹವ್ಯಾಸ. ಆ ಹುಡುಕಾಟದಿಂದ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯವೆಂದರೆ, ಧ್ವನಿಯನ್ನು ಮುದ್ರಿಸಿಕೊಳ್ಳುವುದು ಈ ಇಡೀ ಕೆಲಸದ ಸುಲಭದ ತುದಿ. ಮುದ್ರಣಕ್ಕೆ ಅಂಟಿಸುವ ವಿವರದ ಚೀಟಿಯಲ್ಲಿ ಏನಿರಬೇಕು, ಅದನ್ನು ಯಾರು ಬರೆಯಬೇಕು, ಆ ಧ್ವನಿಯನ್ನು ಯಾರು ಕೇಳಬಹುದೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಸಂಗ್ರಹದ ಮುಂದಿನ ಬದುಕು ನಿಂತಿರುತ್ತದೆ.

ಇದಕ್ಕೆ ಪ್ಯಾಸಮಕ್ವಾಡಿ ಜನರ ಮೇಣದ ಸಿಲಿಂಡರುಗಳಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ. 1890ರ ಮಾರ್ಚ್‌ನಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ಮಾನವಶಾಸ್ತ್ರಜ್ಞ ಅಮೆರಿಕದ ಮೇನ್ ರಾಜ್ಯದ ಕ್ಯಾಲಸ್ ಎಂಬಲ್ಲಿಗೆ, ಮೇಣದ ಸಿಲಿಂಡರಿನ ಮೇಲೆ ಧ್ವನಿಯನ್ನು ಗೀರಾಗಿ ಮುದ್ರಿಸುವ ಎಡಿಸನ್ ಫೋನೋಗ್ರಾಫನ್ನು ಒಯ್ದು, ಅಲ್ಲಿನ ಪ್ಯಾಸಮಕ್ವಾಡಿ ಹಾಡುಗಾರರನ್ನೂ ಕಥೆಗಾರರನ್ನೂ ಅದರ ಕೊಂಬಿನ ಮುಂದೆ ಕೂರಿಸಿದ. ಜನರ ನಡುವೆ ಹೋಗಿ ಅವರ ಭಾಷೆಯನ್ನೂ ಸಂಗೀತವನ್ನೂ ಯಂತ್ರದಲ್ಲಿ ಮುದ್ರಿಸಿಕೊಂಡ ಮೊದಲ ಪ್ರಯತ್ನ ಇದೆಂದು ಹೇಳುತ್ತಾರೆ. ಆದರೆ ಫ್ಯೂಕ್ಸ್‌ನ ಪಾಲಿಗೆ ಇದು ಪರೀಕ್ಷಾರ್ಥ ಪ್ರಯೋಗ. ನೈಋತ್ಯ ಅಮೆರಿಕದಲ್ಲಿ ಝೂನಿ ಜನರ ನಡುವೆ ಮಾಡಬೇಕಿದ್ದ ಮುಖ್ಯ ಕೆಲಸಕ್ಕೆ ಯಂತ್ರ ಒದಗೀತೇ ಎಂದು ನೋಡಿಕೊಳ್ಳುವುದು ಅವನ ಉದ್ದೇಶವಾಗಿತ್ತು. ಒಂದು ಸಿಲಿಂಡರಿನಲ್ಲಿ ಹಿಡಿಯುತ್ತಿದ್ದುದು ಎರಡು ಮೂರು ನಿಮಿಷಗಳ ಧ್ವನಿ ಮಾತ್ರ. ಹಾಡು ಅದಕ್ಕಿಂತ ಉದ್ದವಾಗಿದ್ದರೆ ಮೇಣ ಮುಗಿದಲ್ಲಿಗೆ ಹಾಡೂ ನಿಲ್ಲುತ್ತಿತ್ತು. ಮೇಣ ಮೆತ್ತಗಿರುವುದರಿಂದ, ಕೇಳಲೆಂದು ಮುಳ್ಳನ್ನು ಮತ್ತೆ ಇಟ್ಟಾಗಲೆಲ್ಲ ಗೀರು ಅಷ್ಟಿಷ್ಟು ಸವೆಯುತ್ತಿತ್ತು. ಹೀಗೆ ಕೇಳಿದಷ್ಟೂ ಕಳೆದುಕೊಳ್ಳುವ ದಾಖಲೆ ಅದು.

ಆ ಸಿಲಿಂಡರುಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಾಡಿ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಇದ್ದು, ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. 1979ರಲ್ಲಿ ಆರಂಭವಾದ ಫೆಡರಲ್ ಸಿಲಿಂಡರ್ ಯೋಜನೆಯಡಿ ಅವುಗಳ ಪ್ರತಿಗಳನ್ನು ಕ್ಯಾಸೆಟ್ಟಿಗೆ ಇಳಿಸಿ ಸಮುದಾಯಗಳಿಗೆ ಹಿಂದಿರುಗಿಸಿದರು. ಕ್ಯಾಸೆಟ್ಟಿನಲ್ಲಿ ಕರಕರ ಸದ್ದಿನ ನಡುವೆ ಮಾತನ್ನು ಹೆಕ್ಕುವುದು ಕಷ್ಟವಾಗಿತ್ತು. ಕಳೆದ ದಶಕದಲ್ಲಿ ಮೂಲ ಸಿಲಿಂಡರುಗಳಿಂದಲೇ ಹೊಸದಾಗಿ ಡಿಜಿಟಲ್ ಪ್ರತಿಗಳನ್ನು ತೆಗೆದ ಮೇಲೆ ಸಮುದಾಯದ ಭಾಷಾಬಲ್ಲವರು ಕುಳಿತು, ಒಂದೊಂದು ತುಣುಕನ್ನು ಮತ್ತೆ ಮತ್ತೆ ಕೇಳಿ, ಶತಮಾನಕ್ಕೂ ಹಿಂದಿನ ಹಾಡನ್ನು ಬರಹಕ್ಕೆ ಇಳಿಸಿದರು. 2018ರಿಂದ ಲೈಬ್ರರಿಯ ಸೂಚಿಯಲ್ಲಿ ಹಾಡುಗಳ ಶೀರ್ಷಿಕೆಗಳು ಪ್ಯಾಸಮಕ್ವಾಡಿ ಭಾಷೆಯಲ್ಲಿಯೂ ಕಾಣುತ್ತವೆ. ಜೊತೆಗೆ ಇದನ್ನು ಬಳಸುವಾಗ ನಮ್ಮ ಹೆಸರನ್ನು ಹೇಳಬೇಕು, ಇದು ಕಲಿಕೆಗಾಗಿ ಹಂಚಿಕೊಂಡದ್ದು, ಇದನ್ನು ವ್ಯಾಪಾರಕ್ಕೆ ಬಳಸಕೂಡದು ಎಂಬರ್ಥದ ಮೂರು ಗುರುತುಗಳನ್ನು ಸಮುದಾಯವೇ ತನ್ನ ಮಾತಿನಲ್ಲಿ ಬರೆದು ಸೇರಿಸಿದೆ. ನೂರಿಪ್ಪತ್ತೆಂಟು ವರ್ಷ ಸೂಚಿಯಲ್ಲಿದ್ದುದು ಸಂಗ್ರಾಹಕನ ದೃಷ್ಟಿಯ ವಿವರಣೆ. ಅದನ್ನು ಅಳಿಸಿಹಾಕದೆ, ಹಾಡಿನ ವಾರಸುದಾರರ ಮಾತನ್ನು ಅದರ ಪಕ್ಕದಲ್ಲಿ ಇರಿಸಲಾಗಿದೆ. ದೊಡ್ಡ ಸಂಸ್ಥೆಯೊಂದರ ಸೂಚಿಯ ಒಂದು ಪುಟದಲ್ಲಿ ಆದ ಈ ಬದಲಾವಣೆ ಸುದ್ದಿಯಾಗುವಂಥದ್ದಲ್ಲದಿರಬಹುದು, ಆದರೆ ಹೊಸ ಸ್ಕ್ಯಾನರ್ ಕೊಂಡದ್ದಕ್ಕಿಂತ ಇದನ್ನೇ ನಾನು ದೊಡ್ಡ ಸಾಧನೆಯೆಂದು ಎಣಿಸುತ್ತೇನೆ.

ವಿವರ ಬರೆಯದ ಧ್ವನಿಮುದ್ರಣ ಹೆಸರು ಅಳಿಸಿಹೋದ ಔಷಧಿಯ ಸೀಸೆಯ ಹಾಗೆ: ಒಳಗೆ ಏನೋ ಇದೆ, ಬೆಲೆಬಾಳುವಂಥದ್ದೇ ಇರಬಹುದು, ಆದರೆ ಯಾರೂ ಬಳಸಲಾರರು. ಹಳೆಯ ಟೇಪುಗಳ ಡಬ್ಬಿಯ ಮೇಲೆ ಬಹಳಷ್ಟು ಸಲ ಒಂದು ಸಂಖ್ಯೆ, ಒಂದು ಇಸವಿ, "ಮುದುಕಿ, ಕಥೆ" ಎಂಬಂಥ ಎರಡು ಪದಗಳು, ಇಷ್ಟೇ ಇರುತ್ತವೆ. ಆ ಮುದುಕಿ ಯಾರು, ಯಾವ ಊರಿನವಳು, ತನ್ನ ಹೆಸರನ್ನು ಹೇಗೆ ಬರೆಯಬೇಕೆಂದು ಅವಳು ಬಯಸಿದ್ದಳು, ಪ್ರಶ್ನೆ ಕೇಳುತ್ತಿರುವ ಇನ್ನೊಂದು ದನಿ ಯಾರದು, ಎದುರಿಗೆ ಕೂತು ನಗುತ್ತಿರುವ ಮಕ್ಕಳು ಅವಳಿಗೆ ಏನಾಗಬೇಕು ಎಂಬುದು ಮುದ್ರಣದ ದಿನ ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಸಂಗತಿ, ಮತ್ತು ಎಲ್ಲರಿಗೂ ಗೊತ್ತಿದ್ದ ಕಾರಣದಿಂದಲೇ ಯಾರೂ ಬರೆದಿಡಲಿಲ್ಲ. ಉತ್ತರ ಅಮೆರಿಕದ ಹಲವು ಸಮುದಾಯಗಳಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುವ ರೂಢಿಯಿದೆ. ಚೀಟಿಯಲ್ಲಿ ಆ ಒಂದು ವಾಕ್ಯ ಇಲ್ಲದಿದ್ದರೆ, ಆ ಕಥೆಯನ್ನು ವರ್ಷದ ಯಾವ ದಿನ ಬೇಕಾದರೂ ಗುಂಡಿ ಒತ್ತಿ ಕೇಳುವ ನಮಗೆ ನಾವು ಏನನ್ನು ಮುರಿಯುತ್ತಿದ್ದೇವೆಂಬುದು ತಿಳಿಯುವುದಾದರೂ ಹೇಗೆ?

ಚೀಟಿಯಲ್ಲಿ ಭಾಷೆಯ ಹೆಸರು ಬರೆಯುವುದು ಕೂಡ ಅಂದುಕೊಂಡಷ್ಟು ಸರಳವಲ್ಲ. ಒಂದೇ ಭಾಷೆಯನ್ನು ಮಾತನಾಡುವವರು ಒಂದು ಹೆಸರಿನಿಂದ, ನೆರೆಯವರು ಮತ್ತೊಂದರಿಂದ, ಆಳಲು ಬಂದವರು ಮೂರನೆಯದರಿಂದ ಕರೆದಿರುತ್ತಾರೆ. ಕಾಗುಣಿತವಂತೂ ಬರೆದವರ ಇಷ್ಟ. ಈ ಗೊಂದಲ ತಪ್ಪಿಸಲೆಂದೇ ಐಎಸ್‌ಒ 639-3 ಎಂಬ ಮಾನಕವು ಏಳು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಮೂರು ಅಕ್ಷರದ ಸಂಕೇತ ಕೊಟ್ಟಿದೆ. ಪ್ಯಾಸಮಕ್ವಾಡಿಗೆ ಪಿ-ಕ್ಯೂ-ಎಂ, ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೊರಿಗೆ ಎಂ-ಆರ್-ಐ. ಸಂಕೇತ ಸರಿಯಾಗಿದ್ದರೆ ಬೇರೆಬೇರೆ ದೇಶಗಳ ಸಂಗ್ರಹಗಳಲ್ಲಿ ಚದುರಿಹೋದದ್ದನ್ನೆಲ್ಲ ಒಂದೇ ಹುಡುಕಾಟದಲ್ಲಿ ಒಟ್ಟುಮಾಡಬಹುದು. ಹಾಗೆಂದು ಭಾಷೆಗಳು ಅಷ್ಟು ಅಚ್ಚುಕಟ್ಟಾಗಿ ಮನೆಮನೆಯಾಗಿ ನಿಂತಿರುವುದಿಲ್ಲ. ಒಂದು ಸಂಕೇತದಡಿ ತಮ್ಮನ್ನೂ ನೆರೆಯವರನ್ನೂ ಸೇರಿಸಿಬಿಟ್ಟಿದ್ದಾರೆ ಎಂಬ ಅಸಮಾಧಾನ ಹಲವು ಸಮುದಾಯಗಳಲ್ಲಿ ಇದ್ದೇ ಇದೆ.

ವಿವರಗಳ ವಿಷಯದಲ್ಲಿ ಅತಿರೇಕದ ಇನ್ನೊಂದು ತುದಿಯಲ್ಲಿ ನಿಲ್ಲುವವನು ಜಾನ್ ಪೀಬಾಡಿ ಹ್ಯಾರಿಂಗ್ಟನ್. 1961ರಲ್ಲಿ ತೀರಿಕೊಂಡ ಈ ಭಾಷಾವಿಜ್ಞಾನಿ, ಬಹುಪಾಲು ಕ್ಯಾಲಿಫೋರ್ನಿಯಾದ ಮೂಲನಿವಾಸಿ ಭಾಷೆಗಳ ಬಗ್ಗೆ, ಬಿಟ್ಟುಹೋದ ಟಿಪ್ಪಣಿಗಳು ಸುಮಾರು 10 ಲಕ್ಷ ಪುಟಗಳೆಂಬ ಅಂದಾಜಿದೆ. ಬದುಕಿದ್ದಾಗ ಅವನು ಅವುಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಪ್ರಕಟಿಸಿದ್ದೂ ಅತ್ಯಲ್ಪ. ಸತ್ತ ಮೇಲೆ ಪೆಟ್ಟಿಗೆಗಳು ಎಲ್ಲೆಲ್ಲಿಂದಲೋ ಹೊರಬಂದವು. ಕೈಬರಹ ಬಿಡಿಸಲಾಗದಂಥದ್ದು, ಒಂದೇ ಪುಟದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಮತ್ತು ಮೂಲನಿವಾಸಿ ಭಾಷೆ ಮೂರೂ ಕಲಸಿಕೊಂಡಿರುತ್ತವೆ. ಮುತ್ಸುನ್ ಭಾಷೆಯನ್ನು ನಿರರ್ಗಳವಾಗಿ ಬಲ್ಲವರಲ್ಲಿ ಕೊನೆಯವರೆಂದು ತಿಳಿದಿರುವ ಅಸೆನ್ಸಿಯೋನ್ ಸೊಲೊರ್ಸಾನೊ ಅವರು 1930ರಲ್ಲಿ ನಿಧನರಾಗುವ ಮೊದಲಿನ ತಿಂಗಳುಗಳಲ್ಲಿ ಹ್ಯಾರಿಂಗ್ಟನ್ ಆಕೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಪುಟಗಟ್ಟಲೆ ಬರೆದುಕೊಂಡ. ಆ ಪುಟಗಳು ಮೈಕ್ರೋಫಿಲ್ಮ್ ಆಗಿ, ಅಲ್ಲಿಂದ ಡಿಜಿಟಲ್ ಚಿತ್ರಗಳಾಗಿ ಸಮುದಾಯದವರ ಕೈಗೆ ಬಂದದ್ದರಿಂದಲೇ, 2016ರಲ್ಲಿ ಮುತ್ಸುನ್ ನಿಘಂಟು ಅಚ್ಚಾಗಲು ಸಾಧ್ಯವಾಯಿತು. ಆ ಎಂಬತ್ತಾರು ವರ್ಷಗಳ ಅಂತರವನ್ನು ದಾಟಿಸಿದ್ದು ಸಂಗ್ರಹ. ಆದರೆ ಪುಟದ ಚಿತ್ರ ಪರದೆಯ ಮೇಲೆ ಬಂದ ಮಾತ್ರಕ್ಕೆ ಅದನ್ನು ಓದಿದಂತಾಗಲಿಲ್ಲ. ಪ್ರತಿಯೊಂದು ಸಾಲನ್ನೂ ಬಿಡಿಸಿ, ಬೆರಳಚ್ಚು ಮಾಡಿ, ಒಂದಕ್ಕೊಂದು ತಾಳೆನೋಡುವ ದುಡಿಮೆ ವರ್ಷಾನುಗಟ್ಟಲೆ ನಡೆಯಿತು.

ಈ ದುಡಿಮೆಯನ್ನು ವ್ಯವಸ್ಥಿತವಾಗಿ ಮಾಡಿ ತೋರಿಸಿದವರು ಅಮೆರಿಕದ ಮೂಲನಿವಾಸಿಗಳಾದ ಮಯಾಮಿಯಾ ಜನ. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅವರ ಭಾಷೆಯನ್ನು ಮನೆಯಲ್ಲಿ ಕಲಿತು ಮಾತನಾಡುವವರು ಉಳಿದಿರಲಿಲ್ಲ. ಉಳಿದಿದ್ದುದು ಫ್ರೆಂಚ್ ಪಾದ್ರಿಗಳು ಬರೆದಿಟ್ಟ ಹಳೆಯ ಪದಕೋಶಗಳು ಮತ್ತು ನಂತರದವರ ಟಿಪ್ಪಣಿಗಳು. ಡೇವಿಡ್ ಕೋಸ್ಟಾ ಅವರ ವ್ಯಾಕರಣ ಸಂಶೋಧನೆಯನ್ನೂ ಡ್ಯಾರಿಲ್ ಬಾಲ್ಡ್ವಿನ್ ಅವರ ಮುಂದಾಳತ್ವವನ್ನೂ ಆಧರಿಸಿ, 2001ರಲ್ಲಿ ಒಹಾಯೊದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟಿನ ಸಹಭಾಗಿತ್ವದ ಯೋಜನೆಯೊಂದು ನೆಲೆಯೂರಿತು. ಅಲ್ಲಿ ಬೆಳೆದ ತಂತ್ರಾಂಶ ಹಸ್ತಪ್ರತಿಯ ಪುಟದ ಚಿತ್ರ, ಅದರ ಅಕ್ಷರಶಃ ನಕಲು, ಇಂದಿನ ಕಾಗುಣಿತದ ರೂಪ, ಧಾತು, ಅರ್ಥ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿಡುತ್ತದೆ. ನಿಘಂಟಿನಲ್ಲಿ ಒಂದು ಪದ ನೋಡಿ, ಇದು ಎಲ್ಲಿಂದ ಬಂತು ಎಂದು ಅನುಮಾನ ಬಂದರೆ, ಮೂರು ಶತಮಾನದ ಹಿಂದೆ ಪಾದ್ರಿಯೊಬ್ಬ ಮಸಿಯಲ್ಲಿ ಗೀಚಿದ ಆ ಸಾಲಿನವರೆಗೂ ಹೋಗಿ ನೋಡಬಹುದು. ಈಗ ಅದೇ ತಂತ್ರಾಂಶವನ್ನು ಬೇರೆ ಸಮುದಾಯಗಳೂ ಬಳಸುತ್ತಿವೆ. ಸತ್ತ ಭಾಷೆ ಎಂದು ಪುಸ್ತಕಗಳು ಬರೆದುಬಿಟ್ಟ ಭಾಷೆಯಲ್ಲಿ ಇಂದು ಮಕ್ಕಳು ಮಾತನಾಡುತ್ತಾರೆ. ಸಂಗ್ರಹದ ಸಾರ್ಥಕತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂದುಕೊಂಡಿದ್ದೇನೆ.

ಏನನ್ನು ಮುದ್ರಿಸಿಕೊಂಡಿದ್ದಾರೆ ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ಜಾರ್ಜ್ ಗ್ರಿಯರ್ಸನ್ ನೇತೃತ್ವದ ಭಾರತದ ಭಾಷಾ ಸರ್ವೇಕ್ಷಣೆಗಾಗಿ 1913ರಿಂದ 1929ರವರೆಗೆ ಮಾಡಿದ ಗ್ರಾಮಫೋನ್ ಮುದ್ರಣಗಳು ಈಗ ಅಂತರ್ಜಾಲದಲ್ಲಿ ಕೇಳಸಿಗುತ್ತವೆ. ನೂರು ವರ್ಷದ ಹಿಂದಿನ ಉಚ್ಚಾರಣೆ ಕಿವಿಗೆ ಬಿದ್ದಾಗ ಆಗುವ ರೋಮಾಂಚನವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಭಾಷೆಯಿಂದ ಭಾಷೆಗೆ ಹೋದಂತೆ ಬೈಬಲ್ಲಿನ ತಪ್ಪಿಹೋದ ಮಗನ ದೃಷ್ಟಾಂತಕಥೆ ಮರಳಿ ಮರಳಿ ಕೇಳಿಬರುತ್ತದೆ, ಏಕೆಂದರೆ ಹೋಲಿಕೆಗೆ ಅನುಕೂಲವೆಂದು ಸರ್ವೇಕ್ಷಣೆ ಆರಿಸಿಕೊಂಡಿದ್ದ ಮಾದರಿ ಪಠ್ಯ ಅದು. ಒಂದೇ ವಾಕ್ಯ ಬೇರೆಬೇರೆ ಭಾಷೆಗಳಲ್ಲಿ ಹೇಗಿರುತ್ತದೆಂದು ತಿಳಿಯಲು ಇದು ಬಹಳ ಉಪಯುಕ್ತ. ಆದರೆ ಜಗಳವಾಡುವಾಗ, ಮಗುವನ್ನು ಮಲಗಿಸುವಾಗ, ಗಿಡಮೂಲಿಕೆ ಗುರುತಿಸುವಾಗ, ಸತ್ತವರನ್ನು ನೆನೆಯುವಾಗ ಆ ಭಾಷೆಯ ಜನ ಏನು ಹೇಳುತ್ತಿದ್ದರೆಂದು ಆ ತಟ್ಟೆಗಳು ತಿಳಿಸಲಾರವು. ಇಂದು ಮುದ್ರಿಸುವವರು ಪದಪಟ್ಟಿಯ ಜೊತೆಗೆ ಹರಟೆಯನ್ನೂ ಮುದ್ರಿಸಬೇಕೆಂದು ಒತ್ತಾಯಿಸುವುದು ಇದಕ್ಕಾಗಿಯೇ.

ಇನ್ನು ತಾಂತ್ರಿಕ ಸಂಗತಿ. ಒಂದು ಗಂಟೆಯ ಸ್ಟೀರಿಯೊ ಧ್ವನಿಯನ್ನು ಉತ್ತಮ ಗುಣಮಟ್ಟದಲ್ಲಿ, ಅಂದರೆ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ವೇವ್ ಕಡತವಾಗಿ ಇಟ್ಟರೆ ಸುಮಾರು 2 ಗಿಗಾಬೈಟ್ ಆಗುತ್ತದೆ. ಇಂದಿನ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ. ಕಷ್ಟವಿರುವುದು ಕಾಂತೀಯ ಟೇಪುಗಳಲ್ಲಿ. ಅಸಿಟೇಟ್ ಟೇಪು ಹಳತಾದಂತೆ ವಿನೆಗರಿನ ಹುಳಿವಾಸನೆ ಬಿಡುತ್ತ ಸುಕ್ಕಾಗುತ್ತದೆ. ಬೇರೆ ಕೆಲವು ಬಗೆಯ ಟೇಪುಗಳ ಅಂಟು ತೇವ ಹೀರಿ ಯಂತ್ರದ ತಲೆಗೇ ಅಂಟಿಕೊಳ್ಳುತ್ತದೆ, ಅವುಗಳನ್ನು ಕಡಿಮೆ ಉಷ್ಣಾಂಶದಲ್ಲಿ ಗಂಟೆಗಟ್ಟಲೆ ಕಾಯಿಸಿದ ಮೇಲಷ್ಟೇ ನುಡಿಸಬಹುದು. ಅವನ್ನು ನುಡಿಸುವ ಯಂತ್ರಗಳೂ ಬಿಡಿಭಾಗಗಳೂ ದುರಸ್ತಿ ಬಲ್ಲವರೂ ಒಟ್ಟಿಗೇ ಕಡಿಮೆಯಾಗುತ್ತಿದ್ದಾರೆಂದು ಯುನೆಸ್ಕೊ ಮತ್ತು ಧ್ವನಿ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿಯೇ ಎಚ್ಚರಿಸಿದ್ದವು. ಸಂಶೋಧಕರ ಮನೆಯ ಅಟ್ಟದಲ್ಲಿರುವ ಟೇಪುಗಳನ್ನು ಹುಡುಕಿ ತರುವ ಕೆಲಸಕ್ಕೆಂದೇ 2003ರಲ್ಲಿ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳು ಸೇರಿ ಪ್ಯಾರಡೈಸೆಕ್ ಎಂಬ ಸಂಗ್ರಹವನ್ನು ಕಟ್ಟಿದವು. ಇಂದು ಅದರಲ್ಲಿ 1,300ಕ್ಕೂ ಹೆಚ್ಚು ಭಾಷೆಗಳ ದಾಖಲೆಗಳಿವೆ.

ಪ್ರತಿ ಒಂದೇ ಇದ್ದರೆ ಏನಾಗುತ್ತದೆಂಬುದನ್ನು 2018ರ ಸೆಪ್ಟೆಂಬರ್ 2ರ ರಾತ್ರಿ ಜಗತ್ತು ನೋಡಿತು. ರಿಯೊ ಡಿ ಜನೈರೊದಲ್ಲಿದ್ದ ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿದಾಗ ಅದರ ಭಾಷಾ ಸಂಗ್ರಹವೂ ಬೂದಿಯಾಯಿತು. ಮಾತನಾಡುವವರು ಯಾರೂ ಉಳಿಯದ ಭಾಷೆಗಳ ಮುದ್ರಣಗಳು, ಬ್ರೆಜಿಲ್ ಮೂಲನಿವಾಸಿಗಳನ್ನು ಅಧ್ಯಯನ ಮಾಡಿದ ಕರ್ಟ್ ನಿಮುಎಂಡಾಜು ಅವರ ಹಸ್ತಪ್ರತಿಗಳು ಅದರಲ್ಲಿದ್ದವು. ಹಿಂದೆ ಯಾರೋ ಸ್ಕ್ಯಾನ್ ಮಾಡಿಕೊಂಡಿದ್ದ, ಬೇರೆಡೆಗೆ ನಕಲು ಕಳಿಸಿದ್ದ ಭಾಗವಷ್ಟೇ ಉಳಿಯಿತು. ಅದೇ ಹೊತ್ತಿಗೆ, ಡಿಜಿಟಲ್ ಆದದ್ದು ಶಾಶ್ವತವೆಂಬ ಭ್ರಮೆಯೂ ಬೇಡ. ಸಂಸ್ಥೆಗಳ ಅನುದಾನ ನಿಲ್ಲುತ್ತದೆ, ಆದ್ಯತೆ ಬದಲಾಗುತ್ತದೆ. ಅಳಿವಿನಂಚಿನ ಭಾಷೆಗಳ ದೊಡ್ಡ ಸಂಗ್ರಹಗಳಲ್ಲೊಂದಾದ ಎಲಾರ್ 2021ರಲ್ಲಿ ಲಂಡನ್ ಬಿಟ್ಟು ಬರ್ಲಿನ್‌ಗೆ ಸ್ಥಳಾಂತರಗೊಂಡಿತು. ಅದಕ್ಕೆ ನೆಲೆ ಕೊಡುವವರು ಸಿಕ್ಕರು. ಎಲ್ಲ ಸಂಗ್ರಹಗಳಿಗೂ ಸಿಗುತ್ತಾರೆಂಬ ಖಾತರಿಯಿಲ್ಲ. ಚೀಟಿಯ ಮಾತನ್ನು ಇಲ್ಲಿಯೂ ಬಿಡುವ ಹಾಗಿಲ್ಲ, ಏಕೆಂದರೆ ವಿವರಗಳು ಸಂಸ್ಥೆಯದೇ ಆದ ವಿಚಿತ್ರ ಡೇಟಾಬೇಸಿನಲ್ಲಿ ಸಿಕ್ಕಿಕೊಂಡಿದ್ದರೆ ಕಡತಗಳು ವಲಸೆ ಹೋದರೂ ವಿವರಗಳು ಹಿಂದೆಯೇ ಉಳಿದುಬಿಡುತ್ತವೆ.

ಈಗ ಅತ್ಯಂತ ಜಟಿಲವಾದ ಪ್ರಶ್ನೆಗೆ ಬರುತ್ತೇನೆ: ಬಾಗಿಲು ಎಷ್ಟು ತೆರೆದಿರಬೇಕು? ಜ್ಞಾನವೆಲ್ಲ ಎಲ್ಲರಿಗೂ ಮುಕ್ತವಾಗಿರಬೇಕೆಂಬ ಆದರ್ಶದಲ್ಲಿ ಬೆಳೆದವನಿಗೆ, ಕಡತವೊಂದರ ಮುಂದೆ ಬೀಗದ ಚಿಹ್ನೆ ಕಂಡರೆ ಮೊದಲು ಅಸಹನೆಯೇ ಆಗುತ್ತದೆ. ಆಸ್ಟ್ರೇಲಿಯಾದ ಟೆನಂಟ್ ಕ್ರೀಕ್‌ನಲ್ಲಿ ವಾರುಮುಂಗು ಸಮುದಾಯದ ಜೊತೆ ಕಿಂಬರ್ಲಿ ಕ್ರಿಸ್ಟೆನ್ ಮತ್ತು ಸಂಗಡಿಗರು ರೂಪಿಸಿದ ಮುಕುರ್ತು ಎಂಬ ತಂತ್ರಾಂಶದ ಕಾರ್ಯವಿಧಾನವನ್ನು ಅರಿತ ಮೇಲೆ ಆ ಅಸಹನೆ ನನ್ನಲ್ಲಿ ಕರಗಿತು. ಆ ಸಮುದಾಯದಲ್ಲಿ ಹೆಂಗಸರಿಗೆ ಮಾತ್ರ ಸೇರಿದ ವಿಚಾರಗಳಿವೆ, ಗಂಡಸರಿಗೆ ಮಾತ್ರ ಸೇರಿದವಿವೆ, ಒಂದೊಂದು ಕುಟುಂಬದ ಜವಾಬ್ದಾರಿಯಲ್ಲಿರುವ ಸ್ಥಳಗಳಿವೆ, ತೀರಿಕೊಂಡವರ ಚಿತ್ರವನ್ನು ತೋರಿಸುವ ಬಗ್ಗೆ ನಿಯಮಗಳಿವೆ. ಮುಕುರ್ತುವಿನಲ್ಲಿ ಬಳಕೆದಾರ ಯಾರು, ಅವನ ಅಥವಾ ಅವಳ ಸಂಬಂಧ ಏನು ಎಂಬುದಕ್ಕೆ ತಕ್ಕಂತೆ ಚಿತ್ರವೋ ಧ್ವನಿಯೋ ಕಾಣುತ್ತದೆ ಅಥವಾ ಕಾಣದಿರುತ್ತದೆ. ಅಂದರೆ ಊರಿನಲ್ಲಿ ಮೊದಲಿಂದಲೂ ಇದ್ದ ಕಟ್ಟಳೆಯನ್ನೇ ಗಣಕಕ್ಕೆ ಕಲಿಸಿದಂತಾಯಿತು. ಮುಕ್ತ ಪ್ರವೇಶ ಎಂಬುದೂ ಒಂದು ಸಮಾಜದ ಕಟ್ಟಳೆಯೇ. ಅದು ಬೇರೆಲ್ಲ ಕಟ್ಟಳೆಗಳಿಗಿಂತ ಮೇಲೆಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ?

ಇದಕ್ಕೆ ಒಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ಬೀಗ ಹಾಕಿದ್ದನ್ನು ತೆರೆಯುವ ಅಧಿಕಾರ ಸಮುದಾಯದಲ್ಲಿ ಯಾರಿಗೆ? ಸಮುದಾಯವೆಂದರೆ ಒಂದೇ ಬಾಯಿಯಲ್ಲ. ಹಿರಿಯರು ಮುಚ್ಚಿಡಬೇಕೆನ್ನುವುದನ್ನು, ನಗರದಲ್ಲಿ ಬೆಳೆದು ಭಾಷೆ ಕಲಿಯಲು ಹಂಬಲಿಸುವ ಮೊಮ್ಮಕ್ಕಳು ತೆರೆಯಬೇಕೆನ್ನಬಹುದು. ಅನುಮತಿ ಕೊಡಬೇಕಿದ್ದವರು ತೀರಿಹೋಗಿ, ಕಡತ ಶಾಶ್ವತವಾಗಿ ಮುಚ್ಚಿಹೋದರೆ, ಉಳಿಸಿದ್ದಾದರೂ ಯಾರಿಗಾಗಿ? ನನ್ನ ಮಟ್ಟಿಗೆ ಹೇಳುವುದಾದರೆ, ತಡವಾಗಿ ತೆರೆಯುವ ತಪ್ಪನ್ನು ತಿದ್ದಬಹುದು, ಒಮ್ಮೆ ಜಗತ್ತಿಗೆ ಹರಿಯಬಿಟ್ಟದ್ದನ್ನು ಮರಳಿ ಹಿಡಿಯಲಾಗುವುದಿಲ್ಲ. ಹಾಗಾಗಿ ಅನುಮಾನವಿದ್ದಲ್ಲಿ ಮುಚ್ಚಿಟ್ಟು ಕೇಳುವುದೇ ಲೇಸು. ಆದರೆ ಮುಚ್ಚಿಡುವಾಗಲೇ, ಯಾರನ್ನು ಕೇಳಬೇಕು, ಅವರ ನಂತರ ಯಾರನ್ನು, ಯಾವ ವರ್ಷ ಈ ತೀರ್ಮಾನವನ್ನು ಮರುಪರಿಶೀಲಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು.

ಹರಿಯಬಿಟ್ಟದ್ದನ್ನು ಮರಳಿ ಹಿಡಿಯಲಾಗದು ಎಂಬ ಮಾತಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸ ತೂಕ ಬಂದಿದೆ. ನ್ಯೂಜಿಲೆಂಡಿನ ಕೈತಾಯದಲ್ಲಿರುವ ತೆ ಹಿಕು ಮೀಡಿಯಾ ಎಂಬ ಮಾವೊರಿ ಬಾನುಲಿ ಸಂಸ್ಥೆಯ ಬಳಿ ದಶಕಗಳ ಧ್ವನಿ ಸಂಗ್ರಹವಿತ್ತು, ಅದನ್ನು ಬರಹಕ್ಕಿಳಿಸುವವರು ಸಾಲುತ್ತಿರಲಿಲ್ಲ. ಯಂತ್ರಕ್ಕೆ ಮಾವೊರಿ ಕಲಿಸಲೆಂದು 2018ರಲ್ಲಿ ಅವರು ಜನರಿಗೆ ಕರೆ ಕೊಟ್ಟಾಗ, 10 ದಿನಗಳಲ್ಲಿ 300ಕ್ಕೂ ಹೆಚ್ಚು ಗಂಟೆಗಳ ಓದು ಸಂಗ್ರಹವಾಯಿತು. ಅದರಿಂದ ಮಾತನ್ನು ಬರಹವಾಗಿಸುವ ತಂತ್ರಾಂಶವನ್ನು ಅವರು ತಾವೇ ಕಟ್ಟಿದರು. ದತ್ತಾಂಶವನ್ನು ಮುಕ್ತವಾಗಿ ಬಿಡದೆ, ತಾವು ಅದರ ಮಾಲೀಕರಲ್ಲ ಪಾಲಕರು, ಬಳಸುವವರು ಮಾವೊರಿ ಜನರಿಗೆ ಒಳಿತಾಗುವಂತೆ ಬಳಸಬೇಕು ಎಂಬ ಷರತ್ತಿನ ಪರವಾನಗಿಯನ್ನೂ ರೂಪಿಸಿದರು. 2022ರಲ್ಲಿ ಓಪನ್‌ಎಐ ಎಂಬ ಕೃತಕ ಬುದ್ಧಿಮತ್ತೆಯ ಕಂಪನಿ ಬಿಡುಗಡೆ ಮಾಡಿದ, ಮಾತನ್ನು ಬರಹವಾಗಿಸುವ ವಿಸ್ಪರ್ ಎಂಬ ವ್ಯವಸ್ಥೆ ಅಂತರ್ಜಾಲದಿಂದ ಒಟ್ಟುಗೂಡಿಸಿದ 6,80,000 ಗಂಟೆಗಳ ಧ್ವನಿಯಿಂದ ಕಲಿತದ್ದು, ಅದರಲ್ಲಿ ಸಾವಿರಕ್ಕೂ ಹೆಚ್ಚು ಗಂಟೆಗಳ ಮಾವೊರಿಯೂ ಇತ್ತು. ಆ ಧ್ವನಿಗಳು ಎಲ್ಲಿಂದ ಬಂದವು, ಯಾರನ್ನು ಕೇಳಿ ತೆಗೆದುಕೊಂಡಿರಿ ಎಂದು ತೆ ಹಿಕು ಬಹಿರಂಗವಾಗಿ ಪ್ರಶ್ನಿಸಿತು. ಯಂತ್ರವೊಂದು ಸಣ್ಣ ಭಾಷೆಯನ್ನು ಕಲಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ತೆ ಹಿಕು ಮಾಡಿದ್ದೂ ಅದನ್ನೇ. ಎರಡೂ ಕಡೆ ತಂತ್ರ ಹೆಚ್ಚುಕಡಿಮೆ ಒಂದೇ, ಜನರನ್ನು ಕೇಳಿದರೋ ಇಲ್ಲವೋ ಎಂಬುದಷ್ಟೇ ಬೇರೆ.

ಯಂತ್ರದ ಸಹಾಯ ಬೇಕೇಬೇಕು ಎಂಬುದಕ್ಕೆ ಕಾರಣವೂ ಸ್ಪಷ್ಟವಿದೆ. ಎಲಾನ್‌ನಂಥ ತಂತ್ರಾಂಶದಲ್ಲಿ ಧ್ವನಿಯ ಅಲೆಯನ್ನು ತುಂಡು ತುಂಡಾಗಿ ಗುರುತು ಮಾಡಿ, ಒಂದು ಸಾಲಿನಲ್ಲಿ ಮಾತು, ಅದರ ಕೆಳಗೆ ಪದಗಳ ಒಡೆತ, ಅದರ ಕೆಳಗೆ ಅನುವಾದ ಎಂದು ಬರೆಯುತ್ತ ಹೋದರೆ, ಒಂದು ಗಂಟೆಯ ಮುದ್ರಣಕ್ಕೆ ನಲವತ್ತು ಐವತ್ತು ಗಂಟೆಗಳ ದುಡಿಮೆ ಹಿಡಿಯುವುದು ಮಾಮೂಲು. ಇಬ್ಬರು ಒಟ್ಟಿಗೆ ಮಾತನಾಡಿದರಂತೂ ಕೇಳುವುದೇ ಬೇಡ. ಹೀಗಾಗಿ ಬಹುತೇಕ ಸಂಗ್ರಹಗಳಲ್ಲಿ ಬರಹಕ್ಕಿಳಿಯದ ಧ್ವನಿಯೇ ಹೆಚ್ಚು, ಮತ್ತು ಆ ಧ್ವನಿಯನ್ನು ಅರ್ಥಮಾಡಿಕೊಳ್ಳಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಎಲ್ಲವನ್ನೂ ಸೂಕ್ಷ್ಮವಾಗಿ ಬಿಡಿಸುವ ಹಟ ಬಿಟ್ಟು, ಭಾಷೆ ಬಲ್ಲ ಹಿರಿಯರು ಹಳೆಯ ಮುದ್ರಣವನ್ನು ಕೇಳುತ್ತ ಅದನ್ನೇ ನಿಧಾನವಾಗಿ ಮತ್ತೆ ಹೇಳಿ, ಜೊತೆಗೆ ಎಲ್ಲರಿಗೂ ತಿಳಿಯುವ ಇನ್ನೊಂದು ಭಾಷೆಯಲ್ಲಿ ಅರ್ಥವನ್ನೂ ಹೇಳಿ, ಅದನ್ನೂ ಮುದ್ರಿಸಿಡುವ ಪದ್ಧತಿಯೊಂದಿದೆ. ಬರವಣಿಗೆಯ ಕೆಲಸ ಮುಂದಿನ ತಲೆಮಾರಿಗೆ ಉಳಿದರೂ ಕೀಲಿಕೈ ಕಳೆದುಹೋಗುವುದಿಲ್ಲ. ಹಣವೂ ಜನವೂ ಕಡಿಮೆಯಿರುವಲ್ಲಿ ನಾನು ಮೊದಲು ಸೂಚಿಸುವ ದಾರಿ ಇದು.

ಇದೇ ರೀತಿ, ಒಪ್ಪಿಗೆಯ ವಿಷಯದಲ್ಲಿಯೂ ಒಂದು ಸಣ್ಣ ರೂಢಿ ನನಗೆ ಬಹಳ ಹಿಡಿಸಿದೆ. ಸಹಿ ಹಾಕಿಸಿಕೊಂಡ ಕಾಗದವನ್ನು ಎಲ್ಲೋ ಒಂದು ಕಡತದಲ್ಲಿ ಇಡುವ ಬದಲು, ಅಥವಾ ಅದರ ಜೊತೆಗೆ, ಮುದ್ರಣ ಶುರುವಾದ ಕೂಡಲೇ ಮಾತನಾಡುವವರನ್ನು ಅವರದೇ ಭಾಷೆಯಲ್ಲಿ ಕೇಳುವುದು: ನಿಮ್ಮ ಹೆಸರೇನು, ಇದನ್ನು ಯಾರು ಕೇಳಬಹುದು, ಹೊರಗಿನವರಿಗೆ ಕೊಡಬಹುದೇ, ಯಂತ್ರಕ್ಕೆ ಕಲಿಸಲು ಬಳಸಬಹುದೇ, ನೀವು ಇಲ್ಲದ ಕಾಲದಲ್ಲಿ ಯಾರನ್ನು ಕೇಳಬೇಕು? ಓದುಬರಹ ಬಾರದವರೂ ತಮಗೆ ಬೇಕಾದ ಷರತ್ತನ್ನು ತಮ್ಮ ಮಾತಿನಲ್ಲಿಯೇ ಹೇಳಬಹುದು. ಡೇಟಾಬೇಸು ಕೆಟ್ಟರೂ, ಸಂಸ್ಥೆ ಮುಚ್ಚಿದರೂ, ಕಡತದ ಹೆಸರು ಬದಲಾದರೂ ಆ ಉತ್ತರ ಧ್ವನಿಯ ಜೊತೆಗೇ ಸಾಗುತ್ತದೆ. ಹಾಗಾಗಿ ಕೇಳುಗರ ಅನುಕೂಲಕ್ಕೆಂದು ಕಡತವನ್ನು ಚಿಕ್ಕದು ಮಾಡುವವರು, ಕಥೆ ಅಲ್ಲಿಂದ ಶುರುವಾಗುವುದಿಲ್ಲವೆಂಬ ಕಾರಣಕ್ಕೆ ಆ ಮೊದಲ ಒಂದೆರಡು ನಿಮಿಷಗಳನ್ನು ಕತ್ತರಿಸಬಾರದು.